ಕೊನೆಯ ಸ್ಟಾಪಿನ ಆಚೆ ಬದಿ

ಫೆಬ್ರವರಿ ೯, ಭಾನುವಾರ

ಪ್ರೀತಿಯ ನಾದಿನಿಗೆ,

ನಾಲ್ಕಾರು ದಿನದಿಂದ ಒಂದೇ ಕನಸು ಬೀಳುತ್ತಿದೆ. ಬಸ್ಸು ತುಂಬ ಜನ. ನಾನು ಸ್ಟೇರಿಂಗ್ ಹಿಡಿದು ಕೂತಿದ್ದೇನೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಅಷ್ಟೂ ಜನ ಶಾಲೆಯ ಮಕ್ಕಳ ಹಾಗೆ ಕಿರುಬೆರಳು ಎತ್ತಿಕೊಂಡು ಕೂತಿದ್ದಾರೆ. ಮುದುಕರು, ಬಸುರಿಯರು, ಟೈ ಕಟ್ಟಿಕೊಂಡವರು, ಎಲ್ಲರೂ. ನನ್ನ ಕಿರುಬೆರಳೂ ಎದ್ದು ನಿಂತಿದೆ, ಅದಕ್ಕೇ ಸ್ಟೇರಿಂಗ್ ಗಟ್ಟಿಯಾಗಿ ಹಿಡಿಯಲು ಆಗುತ್ತಿಲ್ಲ. ಹೋಗಿ ಬಾ ಅನ್ನಬೇಕಾದ ಟೀಚರು ಎಲ್ಲಿ ಅಂತ ಮುಂದೆ ನೋಡಿದರೆ ಗಾಜಿನ ಆಚೆ ರಸ್ತೆಯೇ ಇಲ್ಲ.

ನಗಬೇಡ. ನೀನು ನಗುತ್ತೀಯ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಫೋನ್ ಮಾಡಬಹುದಿತ್ತು. ಆದರೆ ನೀನು ಆಫೀಸಿನ ದನಿಯಲ್ಲಿ "ಹೇಳಿ ಅತ್ತಿಗೆ" ಅಂದ ತಕ್ಷಣ ನಾನು ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಅದೂ ಅಲ್ಲದೆ ನಿನ್ನಣ್ಣ ಪಕ್ಕದಲ್ಲೇ ಹೊಲಿಗೆ ಮಿಷನ್ ತುಳಿಯುತ್ತಾ ಕೂತಿರುತ್ತಾರೆ. ಮಿಷನ್ ಸದ್ದು ನಿಂತಿತು ಅಂದರೆ ಕಿವಿ ಈ ಕಡೆ ಬಂತು ಅಂತಲೇ ಲೆಕ್ಕ.

ನೀನು ಮನೆ ಕಡೆ ಬರದೆ ಎರಡು ವರ್ಷವಾಯಿತು. ನಾನು ಬಸ್ಸಿನ ಕೆಲಸಕ್ಕೆ ಸೇರಿದ ದಿನ "ನಮ್ಮನೆ ಸೊಸೆ ಗೇರ್ ಎಳೀಬೇಕಾ?" ಅಂದು ಚಪ್ಪಲಿ ಮೆಟ್ಟಿಕೊಂಡು ಹೋದವಳು ನೀನು. ಈಗ ನೀನೇ ಊರಿನ ಬಸ್ಸು, ರಸ್ತೆ, ಫುಟ್‌ಪಾತ್ ಎಲ್ಲದಕ್ಕೂ ಹೊಸ ಯೋಜನೆ ಮಾಡುವ ಆಫೀಸಿನಲ್ಲಿ ನಕ್ಷೆ ಬಿಡಿಸುತ್ತೀಯಂತೆ. ಅದಕ್ಕೇ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಹೋದ ವಾರ ಕೊನೆಯ ಸ್ಟಾಪಿನಿಂದ ವಾಪಸ್ ಹೊರಟಾಗ ನನಗೆ ಕಣ್ಣು ಕತ್ತಲೆ ಬಂತು. ಬ್ರೇಕ್ ಮೇಲೆ ಕಾಲಿತ್ತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಬಸ್ಸು ಫುಟ್‌ಪಾತ್ ಹತ್ತಿತು. ಅಲ್ಲಿ ಛತ್ರಿ ರಿಪೇರಿಯ ಅಜ್ಜ ಕೂತಿದ್ದ. ಪಕ್ಕಕ್ಕೆ ಹಾರಿದ, ಜೀವ ಉಳಿಯಿತು, ಆದರೆ ಬಲಗೈ ಮಣಿಕಟ್ಟು ಮುರಿಯಿತು. ಅವನ ಛತ್ರಿ ಕಡ್ಡಿಗಳೆಲ್ಲ ನನ್ನ ಬಸ್ಸಿನ ಟೈರಿನಡಿ ಕಟಕಟ ಅಂದದ್ದು ಇನ್ನೂ ಕೇಳುತ್ತಿದೆ. ಮೂಳೆ ಇರಬೇಕು ಅಂದುಕೊಂಡಿದ್ದೆ.

ಡಿಪೋ ಸಾಹೇಬರು ನನ್ನನ್ನು ಗಾಡಿಯಿಂದ ಇಳಿಸಿ, ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನು ಇಡುವ ಕೋಣೆಯಲ್ಲಿ ಕೂರಿಸಿದ್ದಾರೆ. ಅಜಾಗರೂಕತೆ ಅಂತ ವಿಚಾರಣೆ ಇದೆ. ಸ್ಟೇರಿಂಗ್ ಮತ್ತೆ ಕೊಡುತ್ತಾರೋ ಇಲ್ಲವೋ. ನನಗೆ ಬೇರೆ ಕೆಲಸ ಬರುವುದಿಲ್ಲ, ನಿನಗೆ ಗೊತ್ತು.

ಕಣ್ಣು ಕತ್ತಲೆ ಯಾಕೆ ಬಂತು ಅಂತ ಅಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ. ಬೆಳಗಿನಿಂದ ನೀರು ಕುಡಿದಿರಲಿಲ್ಲ. ಯಾಕೆ ಕುಡಿದಿರಲಿಲ್ಲ ಅಂದರೆ, ಕುಡಿದರೆ ಹೋಗಬೇಕಾಗುತ್ತದೆ, ಹೋಗಲು ಕೊನೆಯ ಸ್ಟಾಪಿನಲ್ಲಿ ಜಾಗವಿಲ್ಲ. ಇಷ್ಟೇ. ನಿಮ್ಮ ಯೋಜನೆಯಲ್ಲಿ ಅಲ್ಲೊಂದು ಪಾಯಿಖಾನೆ ಹಾಕಿಸು ತಾಯಿ. ಯಾರಿಗೋಸ್ಕರ ಅಂತ ಹೇಳಬೇಡ. ಈ ಕಾಗದ ಓದಿ ಹರಿದುಹಾಕು.

ನಿನ್ನ ಅತ್ತಿಗೆ


ಫೆಬ್ರವರಿ ೨೦

ಅತ್ತಿಗೆಯವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನಾನು ನಗಲಿಲ್ಲ. ಆಫೀಸಿನ ದನಿ ಅಂದಿರಲ್ಲ, ಅದು ನನಗೂ ಇಷ್ಟವಿಲ್ಲ. ಆದರೆ ಇಲ್ಲಿ ಮೆತ್ತಗೆ ಮಾತಾಡಿದರೆ ಚಹಾ ತರಲು ಕಳಿಸುತ್ತಾರೆ.

ನಮ್ಮ ಆಫೀಸು ಹೇಗಿದೆ ಅಂತ ಮೊದಲು ಹೇಳುತ್ತೇನೆ. ಒಂದೇ ಮಹಡಿ, ಎದುರುಬದುರು ಎರಡು ಕೋಣೆ. ಈಚೆ ಕೋಣೆಯಲ್ಲಿ ರಸ್ತೆ ಇಂಜಿನಿಯರು. ಅಪಘಾತ ಕಡಿಮೆ ಮಾಡುವುದು ಅವರ ಕೆಲಸ. ಆಚೆ ಕೋಣೆಯಲ್ಲಿ ಆರೋಗ್ಯಾಧಿಕಾರಿ. ಜನರ ಆರೋಗ್ಯ ಅವರದು. ನಡುವೆ ಒಂದು ಓಣಿ, ಅದರಲ್ಲಿ ಕೆಟ್ಟುಹೋದ ಫ್ಯಾನುಗಳನ್ನು ಪೇರಿಸಿಟ್ಟಿದ್ದಾರೆ. ಇಬ್ಬರೂ ಒಬ್ಬರ ಕೋಣೆಗೆ ಒಬ್ಬರು ಹೋಗಿದ್ದನ್ನು ನಾನು ನೋಡಿಲ್ಲ. ಇಬ್ಬರ ನಕ್ಷೆಯನ್ನೂ ಬಿಡಿಸುವವಳು ನಾನೊಬ್ಬಳೇ. ಬೆಳಿಗ್ಗೆ ಅವರ ಹಾಳೆ, ಮಧ್ಯಾಹ್ನ ಇವರ ಹಾಳೆ.

ಪಾಯಿಖಾನೆ ವಿಷಯ ಎತ್ತುತ್ತೇನೆ. ಆದರೆ "ನಮ್ಮತ್ತಿಗೆಗೆ ಬೇಕಂತೆ" ಅಂದರೆ ಸಮಿತಿಯಲ್ಲಿ ನಡೆಯುವುದಿಲ್ಲ. ಬೇರೆ ಹೆಂಗಸರು ಏನು ಮಾಡುತ್ತಾರೆ? ಗಂಡಸರು? ಡಾಕ್ಟರಿಗೆ ತೋರಿಸಿದಿರಾ? ಎಲ್ಲ ಬರೆಯಿರಿ, ನಾಚಿಕೆ ಬಿಟ್ಟು ಬರೆಯಿರಿ.

ಅಣ್ಣನಿಗೆ ಹೇಳಿಲ್ಲ ಅಂದರೆ ಹೇಗೆ? ಅವನು ನಿಮ್ಮ ಗಂಡ, ಪಕ್ಕದ ಮನೆಯವನಲ್ಲ.

ಇಂತಿ
ನಾದಿನಿ


ಮಾರ್ಚ್ ೨

ನಾದಿನಿಗೆ,

ನಾಚಿಕೆ ಬಿಟ್ಟು ಬರೆ ಅಂದೆ. ಸರಿ. ಊಟ ಮಾಡಿ ಓದಬೇಡ.

ಕೊನೆಯ ಸ್ಟಾಪು ಅಂದರೆ ಏನು ಅಂದುಕೊಂಡಿದ್ದೀಯ? ಒಂದು ಕಂಬ, ಒಂದು ಮುರುಕಲು ಬೆಂಚು, ಒಂದು ಉದ್ದನೆ ಗೋಡೆ, ಬಸ್ಸು ತಿರುಗಿಸಲು ಒಂದಿಷ್ಟು ಜಾಗ. ಗೋಡೆ ಗಂಡಸರದು. ನಿಂತು ನಿಂತು ಬುಡದ ಸಿಮೆಂಟೆಲ್ಲ ಕಿತ್ತುಹೋಗಿ ಇಟ್ಟಿಗೆ ಹಲ್ಲು ಬಿಟ್ಟಿದೆ. "ಇಲ್ಲಿ ಮೂತ್ರ ಮಾಡಬಾರದು" ಅಂತ ಯಾರೋ ಪುಣ್ಯಾತ್ಮರು ಬರೆಸಿದ್ದಾರೆ. ಆ ಅಕ್ಷರವೂ ಅರ್ಧ ತೊಳೆದುಹೋಗಿದೆ, ಯಾವುದರಿಂದ ಅಂತ ಕೇಳಬೇಡ. ಬಿಸಿಲೇರಿದರೆ ಆ ವಾಸನೆ ಬಸ್ಸು ಹತ್ತಿ ಟಿಕೆಟಿಲ್ಲದೆ ಕೂರುತ್ತದೆ. ಡಬ್ಬಿ ಬಿಚ್ಚಿ ಊಟ ಮಾಡುವುದೂ ಅಲ್ಲೇ. ಅನ್ನ ಬಾಯಿಗಿಟ್ಟರೆ ವಾಕರಿಕೆ ಬರುತ್ತದೆ.

ಹೆಂಗಸರಿಗೆ ಆ ಗೋಡೆಯೂ ಇಲ್ಲ. ಎರಡು ಬಸ್ಸು ಪಕ್ಕಪಕ್ಕ ನಿಲ್ಲಿಸಿ ನಡುವೆ ಕೂರಬೇಕು. ನನ್ನ ಕಂಡಕ್ಟರು ಗಿಣಿ ಶಾಲು ಹಿಡಿದು ನಿಲ್ಲುತ್ತಾಳೆ. ಬಾಯಿ ನಿಲ್ಲದವಳು, ಅದಕ್ಕೇ ಆ ಹೆಸರು. "ಬೇಗ ಅಕ್ಕಾ, ನಂದೂ ಇದೆ, ನೀನೇನು ಕಾದಂಬರಿ ಓದ್ತಿದೀಯಾ?" ಅನ್ನುತ್ತಾಳೆ. ಒಂದು ದಿನ ನಾನು ಕೂತಿದ್ದಾಗಲೇ ಆ ಕಡೆಯ ಡ್ರೈವರು ನೋಡದೆ ಬಸ್ಸು ತೆಗೆದುಬಿಟ್ಟ. ಮರೆಯೇ ಹೊರಟುಹೋಯಿತು. ಸ್ಟಾಪಿನಲ್ಲಿ ನಿಂತವರು ನೋಡಿದರು, ಕೆಲವರು ಬೇಕೆಂದೇ ನೋಡಿದರು. ಆಮೇಲೆ ನಾನು ಅಲ್ಲಿ ಕೂತಿಲ್ಲ.

ಅದಕ್ಕೆ ನಾವು ಹೆಂಗಸರು ಕಂಡುಕೊಂಡ ದಾರಿ ಮುಚ್ಚಳ. ನೀರಿನ ಬಾಟಲಿಯ ಮುಚ್ಚಳ. ಬಾಟಲಿಗೆ ಬಾಯಿ ಹಚ್ಚುವ ಹಾಗಿಲ್ಲ. ಒಂದು ಟ್ರಿಪ್ಪಿಗೆ ಒಂದು ಮುಚ್ಚಳ, ನಾಲಿಗೆ ಒದ್ದೆಯಾಗುವಷ್ಟು. ಹೊಸಬರಿಗೆ ಹಳಬರು ಗೇರಿಗಿಂತ ಮೊದಲು ಇದನ್ನು ಕಲಿಸುತ್ತಾರೆ. ಅದರಲ್ಲೂ ಜಂಬ ನೋಡು: "ನಂದಿವತ್ತು ಅರ್ಧ ಮುಚ್ಚಳ ಉಳೀತು" ಅಂತ ಗಿಣಿ ಸಂಜೆ ಮೆರೆಯುತ್ತಾಳೆ. ನಾವೆಲ್ಲ ಶಭಾಷ್ ಅನ್ನುತ್ತೇವೆ. ಈಗ ನೆನೆಸಿಕೊಂಡರೆ ನಮ್ಮ ಮೇಲೇ ಹೇಸಿಗೆಯಾಗುತ್ತದೆ.

ಡಾಕ್ಟರಿಗೆ ತೋರಿಸಿದೆ. ಸೋಂಕು ಮೂತ್ರಪಿಂಡದವರೆಗೆ ಹೋಗಿದೆ, ನೀರಿಲ್ಲದೆ ರಕ್ತದೊತ್ತಡ ಇಳಿದು ಕಣ್ಣು ಕತ್ತಲೆ ಬಂದಿದೆ ಅಂದರು. "ನೀರು ಚೆನ್ನಾಗಿ ಕುಡೀರಿ" ಅಂದರು. "ಎಲ್ಲಿ ಡಾಕ್ಟ್ರೇ?" ಅಂದೆ. "ಎಲ್ಲಿ ಅಂದ್ರೆ? ಬಾಯಲ್ಲಿ!" ಅಂದರು. ಮಾತ್ರೆ ಕೊಟ್ಟರು. ಆ ಮಾತ್ರೆ ನುಂಗಲೂ ನೀರು ಬೇಕಲ್ಲ.

ಯೂನಿಯನ್ನಿನವನು ಬಂದು "ಬ್ರೇಕ್ ಹಿಡೀಲಿಲ್ಲ ಅಂದ್ಬಿಡಿ ಅಕ್ಕ, ಕೇಸು ಮುಗೀತು" ಅಂದ. ಮುಗಿಯುತ್ತದೆ. ಆದರೆ ಆ ಬ್ರೇಕ್ ನೋಡಿದ ಮಿಸ್ತ್ರಿಯ ತಲೆಗೆ ಬರುತ್ತದೆ. ಅವನ ಹೆಂಡತಿ ತುಂಬಿದ ಬಸುರಿ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಅದೇ ಚಿಂತೆ ಈಗ.

ಛತ್ರಿ ಅಜ್ಜನನ್ನು ನೋಡಲು ಹೋಗಿದ್ದೆ. ಅವನಿಗೊಬ್ಬನಿಗೆ ನಿಜ ಹೇಳಿದೆ. ಕೈಗೆ ಬಿಳಿ ಕಟ್ಟು ಹಾಕಿಕೊಂಡು ಕೂತಿದ್ದ. "ಅಷ್ಟು ಅವಸರ ಅಂತ ಮೊದ್ಲೇ ಹಾರ್ನ್ ಹೊಡೆದಿದ್ರೆ ನಾನೇ ದಾರಿ ಬಿಡ್ತಿದ್ದೆನಲ್ಲವ್ವಾ" ಅಂದ. ನಾನು ಅತ್ತುಬಿಟ್ಟೆ. ಅವನು ಹೆದರಿಕೊಂಡು "ಅಳ್ಬೇಡ, ಅದಕ್ಕೂ ನೀರು ಖರ್ಚು" ಅಂದ.

ಇನ್ನೊಂದು ಮಾತು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟೆ ಅಂತ ನೀನು ಮದುವೆ ಮನೆಯಲ್ಲಿ ನಕ್ಕಿದ್ದೆ. ಯಾಕೆ ಬಿಟ್ಟೆ ಅಂತ ಕೇಳಲಿಲ್ಲ. ದೊಡ್ಡವಳಾದ ಮೇಲೆ ಆ ಶಾಲೆಯಲ್ಲೂ ಹೋಗಲು ಜಾಗವಿರಲಿಲ್ಲ ಕಣೇ.

ಅತ್ತಿಗೆ


ಮಾರ್ಚ್ ೨೮

ಅತ್ತಿಗೆ, ಗೆದ್ದೆವು!

ನಿನ್ನೆ ಸಮಿತಿ ಸಭೆ. ನಾನು ಪಾಯಿಖಾನೆ ಮಾತು ಎತ್ತಿದ್ದೇ ತಡ, ರಸ್ತೆ ಇಂಜಿನಿಯರು "ಅದು ಆರೋಗ್ಯದವರ ತಲೆನೋವು, ನಮ್ದಲ್ಲ" ಅಂದರು. ಆರೋಗ್ಯಾಧಿಕಾರಿ "ಬಸ್‌ಸ್ಟಾಪು ರಸ್ತೆಯವರದ್ದು. ಏನಾದ್ರೂ ಆಗಿ ಆಸ್ಪತ್ರೆ ಒಳಗೆ ಬಂದ್ಮೇಲೆ ನಾನು ನೋಡ್ಕೋತೀನಿ" ಅಂದರು. ಅಧ್ಯಕ್ಷರು ಬಿಸ್ಕತ್ತು ಅದ್ದುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ನಿಮ್ಮ ಕಾಗದವನ್ನೇ ಓದಿಬಿಟ್ಟೆ. ಗೋಡೆ, ಶಾಲು, ಮುಚ್ಚಳ, ಡಾಕ್ಟರು, ಎಲ್ಲ. ಅಧ್ಯಕ್ಷರ ಬಿಸ್ಕತ್ತು ಮುರಿದು ಚಹಾದೊಳಗೆ ಬಿತ್ತು, ತೆಗೆಯಲು ಕೈ ಹಾಕಲಿಲ್ಲ.

"ಡ್ರೈವರ ಆರೋಗ್ಯ ಕೆಟ್ಟರೆ ಫುಟ್‌ಪಾತಿನ ಮೇಲಿರುವವನ ಕೈ ಮುರಿಯುತ್ತದೆ. ಇದು ಯಾರ ಕೋಣೆಯ ವಿಷಯ, ಈಗ ಹೇಳಿ" ಅಂದೆ. ಪಾಯಿಖಾನೆ ಆರೋಗ್ಯದ ಭಾಗದಲ್ಲಿ, ಕೊನೆಯ ಸ್ಟಾಪಿನ ಹತ್ತಿರ ಅಪಘಾತ ತಡೆಯುವ ಕೆಲಸ ರಸ್ತೆಯ ಭಾಗದಲ್ಲಿ, ಎರಡಕ್ಕೂ ಅಲ್ಲೇ ಒಪ್ಪಿಗೆ ಸಿಕ್ಕಿತು. ಅಧ್ಯಕ್ಷರು ತಾವೇ ಬಂದು ಉದ್ಘಾಟನೆ ಮಾಡುತ್ತಾರಂತೆ, ಆದ್ದರಿಂದ ಬೇಗ ಆಗುತ್ತದೆ.

ನಿಮ್ಮ ಹೆಸರು ಹೇಳಲಿಲ್ಲ. ಗಾಬರಿಯಾಗಬೇಡಿ.

ಶಾಲೆಯ ಮಾತು ಓದಲಿಲ್ಲ. ಅದು ನನಗೆ ಮಾತ್ರ ಬರೆದದ್ದು.

ಪ್ರೀತಿಯಿಂದ
ನಾದಿನಿ


ಏಪ್ರಿಲ್ ೬

ಹೆಸರು ಹೇಳಲಿಲ್ಲವಂತೆ! ಈ ಊರಿನಲ್ಲಿ ಬಸ್ಸನ್ನು ಫುಟ್‌ಪಾತ್ ಹತ್ತಿಸಿದ ಹೆಂಗಸು ಎಷ್ಟು ಜನ ಇದ್ದಾರೆ?

ಆ ಸಭೆಯಲ್ಲಿ ನಮ್ಮ ಡಿಪೋ ಸಾಹೇಬರೂ ಕೂತಿದ್ದರು, ನಿನಗೆ ಗೊತ್ತಿರಲಿಲ್ಲವಾ? ಮಾರನೇ ದಿನವೇ ಡಿಪೋ ಪೂರ್ತಿ ನನ್ನ ಮೂತ್ರದ ಕಥೆ. ಕ್ಯಾಂಟೀನಿನಲ್ಲಿ ನನ್ನ ಮುಂದೆ ನೀರಿನ ಲೋಟ ಇಟ್ಟು "ಮುಚ್ಚಳ ಬೇಕಾ ಅಕ್ಕ?" ಅಂತ ಒಬ್ಬ ಕೇಳಿದ. ಬಸ್ಸು ಹೊರಗೆ ತೆಗೆಯುವಾಗ ಕೆಲವರು ನನ್ನ ಕೋಣೆಯ ಕಿಟಕಿಗೆ ಕಿರುಬೆರಳು ತೋರಿಸಿ ಹೋಗುತ್ತಾರೆ. ಮಕ್ಕಳಿರುವ ಗಂಡಸರು. ಆ ಗೋಡೆಯ ಮುಂದೆ ದಿನಾ ನಿಲ್ಲುವ ಗಂಡಸರು! ಥೂ.

ನಗುವವರು ನಗಲಿ, ಹಾಳಾಗಿ ಹೋಗಲಿ. ಸಾಹೇಬರು ಕರೆಸಿ ಹೇಳಿದ್ದು ಕೇಳು: "ಅಜಾಗರೂಕತೆ ಒಂದೇ ಆಗಿದ್ರೆ ನೋಡಬಹುದಿತ್ತಮ್ಮ. ಕಾಯಿಲೆ ಮುಚ್ಚಿಟ್ಟು ಗಾಡಿ ಓಡಿಸಿದೀರಿ ಅಂತ ಈಗ ನಮ್ಗೇ ಗೊತ್ತಾಗಿದೆ. ಪ್ರಯಾಣಿಕರ ಜೀವದ ಪ್ರಶ್ನೆ." ಜೀವದ ಪ್ರಶ್ನೆಯಂತೆ. ಹೇಳುತ್ತಾ ತಮ್ಮ ಕೋಣೆಯ ಪಕ್ಕದ ಬಾಗಿಲು ತೆಗೆದು ಒಳಗೆ ಹೋದರು. ಅವರಿಗೆ ಸ್ವಂತದ್ದಿದೆ. ನೀರು ಬಿಟ್ಟ ಸದ್ದು ಕೇಳುತ್ತಾ ನಾನು ನಿಂತಿದ್ದೆ.

ನಿನ್ನಣ್ಣನಿಗೂ ಗೊತ್ತಾಯಿತು, ಬಟ್ಟೆ ಹೊಲಿಸಲು ಬಂದ ಯಾರೋ ನಗುತ್ತಾ ಹೇಳಿದರಂತೆ. ಮಿಷನ್ ನಿಲ್ಲಿಸಿ ಕೂತರು. "ನನಗೆ ಹೇಳ್ಬಾರ್ದಿತ್ತಾ?" ಅಂತ ಅಷ್ಟೇ ಕೇಳಿದರು.

ಹರಿದುಹಾಕು ಅಂದಿದ್ದೆ. ಇನ್ನು ನೀನು ಬರೆಯಬೇಡ.


ಜೂನ್ ೧೫

ನಾದಿನಿಗೆ,

ಬರೆಯಬಾರದು ಅಂತಲೇ ಇದ್ದೆ. ನೀನು ಕಳಿಸಿದ ಎರಡು ಕಾಗದವನ್ನೂ ಒಡೆದಿಲ್ಲ, ಕಪಾಟಿನಲ್ಲಿ ಹಾಗೇ ಇವೆ. ಆದರೆ ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ.

ನಿಮ್ಮ ಪಾಯಿಖಾನೆ ಎದ್ದು ನಿಂತಿತು. ಚೆನ್ನಾಗಿದೆ. ಬಿಳಿ ಟೈಲ್ಸು, ಕನ್ನಡಿ, ಹೊರಗೋಡೆಯ ಮೇಲೆ ನಗುವ ಸಂಸಾರದ ಚಿತ್ರ. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಒಳಗೆ ಹೋಗಿ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ಬಂದರು. ಚಪ್ಪಾಳೆ ಹೊಡೆದರು. ನಾನೂ ಹೊಡೆದೆ, ಸಾಹೇಬರು ನೋಡುತ್ತಿದ್ದರಲ್ಲ.

ಎಲ್ಲಿ ಕಟ್ಟಿದ್ದಾರೆ ಗೊತ್ತಾ? ದೊಡ್ಡ ರಸ್ತೆಯ ಆಚೆ ಬದಿಯಲ್ಲಿ. ಆರೋಗ್ಯದವರ ಜಾಗ ಅಲ್ಲಿತ್ತಂತೆ. ಬಸ್ಸು ನಿಲ್ಲುವುದು ಈಚೆ ಬದಿ. ಸರಿ, ದಾಟಿ ಹೋಗೋಣ ಅಂದರೆ ಅದೇ ವಾರ ರಸ್ತೆಯವರು ಬಂದು ಆ ರಸ್ತೆಯ ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ ಹಾಕಿ ಹೋದರು. ಅಪಘಾತ ತಡೆಯಲು! ಸೊಂಟದೆತ್ತರ, ಹಳದಿ ಕಪ್ಪು ಬಣ್ಣ. ಬೇಲಿ ಮುಗಿಯುವುದು ಎಲ್ಲೋ ಸಿಗ್ನಲ್ ಹತ್ತಿರ. ಅಲ್ಲಿಯವರೆಗೆ ನಡೆದು, ಆಚೆಗೆ ಬಂದು, ಮತ್ತೆ ಅಷ್ಟೇ ದೂರ ವಾಪಸ್ ನಡೆದು ಬರುವಷ್ಟರಲ್ಲಿ ಬಸ್ಸು ಬಿಡುವ ಹೊತ್ತು ಮುಗಿದಿರುತ್ತದೆ, ಮೇಲಿಂದ ತಡ ಅಂತ ಮೆಮೋ.

ಹೀಗೆ ಕಟ್ಟಲು ಎಷ್ಟು ಜನ ಸಹಿ ಹಾಕಿರಬೇಕು, ಯೋಚನೆ ಮಾಡು. ಒಬ್ಬನಿಗೂ ಒಂದಕ್ಕೆ ಬರುವುದಿಲ್ಲವಾ?

ಹಾಗಾಗಿ ಹೆಂಗಸರು ಬೇಲಿ ಹತ್ತಿ ಇಳಿಯಲು ಶುರು ಮಾಡಿದರು. ಮೊನ್ನೆ ಗಿಣಿಯೂ ಹತ್ತಿದಳು. ಪಾಪ, "ಟೈಲ್ಸು ಹಾಕಿದ ಮನೇಲಿ ಕೂತು ಬರ್ತೀನಿ, ನಾನೇನು ಕಡಿಮೆ?" ಅಂತ ಹೊಸ ಡ್ರೈವರಿಗೆ ಹೇಳಿ ಹೋದಳಂತೆ. ಬೇಲಿಯ ತುದಿಗೆ ಬಟ್ಟೆ ಸಿಕ್ಕಿಕೊಂಡಿತು, ಆಚೆ ಬದಿಗೆ ಬಿದ್ದಳು. ಬರುತ್ತಿದ್ದ ಬೈಕು ಅವಳ ಸೊಂಟದ ಮೇಲೆ ಹೋಯಿತು. ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಸೊಂಟಕ್ಕೆ ರಾಡು ಹಾಕಿದ್ದಾರೆ. ಅಷ್ಟು ಮಾತಾಡುವವಳು ಸೂರು ನೋಡುತ್ತಾ ಮಲಗಿದ್ದಾಳೆ. ಹಾಸಿಗೆ ಪಕ್ಕದಲ್ಲಿ ಜಗ್ ತುಂಬ ನೀರಿದೆ. "ಕುಡಿಯೇ" ಅಂದರೆ "ಬೇಡ ಅಕ್ಕ, ಪ್ಯಾನ್ ಇಡೋಕೆ ನರ್ಸನ್ನ ಕರೀಬೇಕು" ಅನ್ನುತ್ತಾಳೆ.

ಪೊಲೀಸರು ಬಂದು, ಬೇಲಿ ಹಾರಿದ್ದು ಅವಳದೇ ತಪ್ಪು ಅಂತ ಬರೆದುಕೊಂಡು ಹೋದರು. ನಿಮ್ಮ ರಸ್ತೆ ಇಂಜಿನಿಯರೂ ನೋಡಲು ಬಂದಿದ್ದರಂತೆ. ನೋಡಿದ್ದು ಬೇಲಿಯನ್ನು. ಬಗ್ಗಿದೆಯಾ ಅಂತ ಕೈಯಲ್ಲಿ ಅಲ್ಲಾಡಿಸಿ "ಗಟ್ಟಿ ಇದೆ" ಅಂದರಂತೆ. ಬೇಲಿಯ ಮೇಲೆ ಅವಳ ಬಟ್ಟೆಯ ಚೂರು ಇನ್ನೂ ಇತ್ತಂತೆ, ಅದನ್ನು ಎರಡು ಬೆರಳಲ್ಲಿ ಹಿಡಿದು ತೆಗೆದು ಬಿಸಾಕಿ ಕರವಸ್ತ್ರದಲ್ಲಿ ಕೈ ಒರೆಸಿಕೊಂಡರಂತೆ. ಇದನ್ನು ಹೇಳಿದ್ದು ಛತ್ರಿ ಅಜ್ಜ, ಈಗ ಅಲ್ಲೇ ಆಚೆ ಬದಿಯಲ್ಲಿ ಕೂರುತ್ತಾನೆ, ಎಡಗೈಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಕೇಳಿ ನನಗೆ ನಿಜವಾಗಿಯೂ ವಾಂತಿಯಾಯಿತು.

ನನ್ನ ವಿಚಾರಣೆ ಬರುವ ತಿಂಗಳು. ಈಗ ಸಾಹೇಬರು ಹೊಸ ರಾಗ ಹಾಡುತ್ತಿದ್ದಾರೆ: "ಪಾಯಿಖಾನೆ ಕಟ್ಟಿಕೊಟ್ಟಾಯ್ತು, ಇನ್ನು ನಿಮ್ಮ ಹತ್ರ ಯಾವ ನೆಪವೂ ಇಲ್ಲ." ನನಗೆ ಸ್ಟೇರಿಂಗ್ ಸಿಗುವುದಿಲ್ಲ ಅಂತ ಕಾಣುತ್ತದೆ.

ನೀನು ನಕ್ಷೆ ಬಿಡಿಸುವಾಗ ನೋಡಲಿಲ್ಲವಾ? ಅಷ್ಟೇ ಕೇಳಬೇಕಿತ್ತು. ಉತ್ತರ ಬರೆಯದಿದ್ದರೂ ಪರವಾಗಿಲ್ಲ.

ಅತ್ತಿಗೆ


ಜೂನ್ ೨೪

ಅತ್ತಿಗೆ,

ನೋಡಲಿಲ್ಲ.

ಪಾಯಿಖಾನೆಯ ಹಾಳೆ ನಾನೇ ಬಿಡಿಸಿದ್ದು. ಬೇಲಿಯ ಹಾಳೆಯೂ ನಾನೇ. ನಾವು ಬಿಡಿಸುವುದು ಪಾರದರ್ಶಕ ಹಾಳೆಯ ಮೇಲೆ. ಅದು ಇರುವುದೇ ಒಂದರ ಮೇಲೊಂದು ಇಟ್ಟು ನೋಡುವುದಕ್ಕೆ. ಒಂದನ್ನು ಆರೋಗ್ಯದ ಕೋಣೆಗೆ ಕೊಡು ಅಂದರು, ಕೊಟ್ಟೆ. ಇನ್ನೊಂದನ್ನು ರಸ್ತೆಯ ಕೋಣೆಗೆ ಕೊಡು ಅಂದರು, ಕೊಟ್ಟೆ. ಗೆದ್ದೆ ಅಂದುಕೊಂಡು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ. ಸಭೆಯಲ್ಲಿ ಅವರಿಬ್ಬರಿಗೆ ಅಷ್ಟು ದೊಡ್ಡ ಗಂಟಲಲ್ಲಿ ಬುದ್ಧಿ ಹೇಳಿದವಳು ನಾನೇ.

ನಿಮ್ಮ ಕಾಗದ ಬಂದ ದಿನ ಎರಡನ್ನೂ ತರಿಸಿ ಕಿಟಕಿಯ ಗಾಜಿಗೆ ಹಚ್ಚಿ ನೋಡಿದೆ. ಬೇಲಿಯ ಗೆರೆ ಪಾಯಿಖಾನೆಗೂ ಬಸ್ಸಿಗೂ ನಡುವೆ ನೆಟ್ಟಗೆ ಹೋಗುತ್ತದೆ. ಕುರುಡರಿಗೂ ಕಾಣುತ್ತದೆ. ಗಿಣಿ ಎಲ್ಲಿ ಬಿದ್ದಳು ಅನ್ನುವುದೂ ಕಂಡಿತು. ಆಮೇಲೆ ಕೈ ತೊಳೆದುಕೊಂಡೆ, ಮತ್ತೆ ತೊಳೆದುಕೊಂಡೆ.

ಕಪಾಟಿನಲ್ಲಿರುವ ಆ ಎರಡು ಕಾಗದ ಒಡೆಯಬೇಡಿ. ಅವು ಬರೀ ಸಮಜಾಯಿಷಿ.

ವಿಚಾರಣೆಗೆ ನಾನು ಬರುತ್ತೇನೆ. ಎರಡೂ ಹಾಳೆ ತರುತ್ತೇನೆ. ನಿಮ್ಮ ಡಿಪೋದವರು ಒಳಗೆ ಬಿಡದಿದ್ದರೆ ಬಾಗಿಲಲ್ಲಿ ನಿಂತು ಹೇಳುತ್ತೇನೆ, ನನಗೆ ಆ ದನಿ ಇದೆಯಲ್ಲ.

ನಾದಿನಿ


ಆಗಸ್ಟ್ ೩, ಭಾನುವಾರ

ನಾದಿನಿಗೆ,

ವಿಚಾರಣೆ ಮುಗಿದದ್ದೇ ಊಟಕ್ಕೂ ನಿಲ್ಲದೆ ಹೊರಟುಹೋದೆಯಲ್ಲ. ನಿನ್ನಣ್ಣ ಎರಡು ತಟ್ಟೆ ಹೆಚ್ಚಿಗೆ ಹಾಕಿ ಕಾದರು. ಇನ್ನೊಂದು ತಟ್ಟೆ ಯಾರಿಗೆ ಅಂದರೆ "ಆ ದನಿಗೆ" ಅಂದರು. ಡಿಪೋ ತುಂಬ ಕೇಳಿಸಿತಂತೆ.

ನೀನು ಆ ಎರಡು ಹಾಳೆಯನ್ನು ಬಲ್ಬಿನ ಮುಂದೆ ಹಿಡಿದು "ಇದನ್ನು ಬಿಡಿಸಿದವಳು ನಾನು, ತಪ್ಪು ನನ್ನದು, ನನ್ನನ್ನು ಯಾರೂ ಕೆಲಸದಿಂದ ಇಳಿಸಿಲ್ಲ. ಇವರನ್ನು ಯಾಕೆ ಇಳಿಸಿದ್ದೀರಿ?" ಅಂದಾಗ ಸಾಹೇಬರ ಮುಖ ನೋಡಬೇಕಿತ್ತು. ನೀನು ನೋಡಲಿಲ್ಲ, ನೀನು ನನ್ನನ್ನು ನೋಡುತ್ತಿದ್ದೆ. ಆಮೇಲೆ ನಾನು ಬ್ರೇಕ್ ಸರಿ ಇತ್ತು ಅಂತ ಹೇಳಿದೆ, ನೀರು ಕುಡಿದಿರಲಿಲ್ಲ ಅಂತ ಹೇಳಿದೆ, ಎಲ್ಲ ಎಲ್ಲರ ಮುಂದೆ. ಹೇಳುವಾಗ ನಾಲಿಗೆ ತೊದಲಲಿಲ್ಲ, ನನಗೇ ಆಶ್ಚರ್ಯ.

ಆರ್ಡರು ಶುಕ್ರವಾರ ಬಂತು. ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ನಾಳೆಯಿಂದ ನನಗೆ ಸ್ಟೇರಿಂಗ್, ಅದೇ ರೂಟು. ಸಾಹೇಬರು ಕೈಕುಲುಕಿ "ನಾನು ಮೊದ್ಲಿಂದಲೂ ನಿಮ್ಮ ಪರ ಇದ್ದೆ" ಅಂದರು. ಆ ಕೈ ಒದ್ದೆಯಾಗಿತ್ತು, ಒರೆಸಿಕೊಂಡಿರಲಿಲ್ಲ. ಸೀರೆಗೆ ಒರೆಸಿಕೊಂಡೆ, ಸೀರೆ ನೆನೆಹಾಕಿದೆ.

ನಿನ್ನನ್ನು ನೀರಿನ ಮೀಟರ್ ವಿಭಾಗಕ್ಕೆ ಎತ್ತಿಹಾಕಿದ್ದಾರೆ ಅಂತ ಯಾಕೆ ಹೇಳಲಿಲ್ಲ? ನಿನ್ನಣ್ಣನಿಗೆ ಬೇರೆಯವರಿಂದ ಗೊತ್ತಾಯಿತು. ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಏನೂ ಹೇಳುವುದಿಲ್ಲ, ಎಲ್ಲ ಬಟ್ಟೆ ಹೊಲಿಸುವವರಿಂದಲೇ ತಿಳಿಯಬೇಕು. ಅಲ್ಲಿ ನಿನಗೆ ಕೂರಲು ಸರಿಯಾದ ಜಾಗ ಕೊಟ್ಟಿದ್ದಾರಾ? ಹೆಂಗಸರದ್ದು ಎಲ್ಲಿದೆ ಅಂತ ಮೊದಲ ದಿನವೇ ನೋಡಿಕೋ.

ಹಳೇ ಆಫೀಸು ಬಿಡುವ ಮುಂಚೆ ನೀನು ಬಿಡಿಸಿ ಕೊಟ್ಟ ಹೊಸ ನಕ್ಷೆ, ರಸ್ತೆ ಮತ್ತು ಆರೋಗ್ಯ ಎರಡೂ ಒಂದೇ ಹಾಳೆಯಲ್ಲಿರುವುದು, ಅದರ ಪ್ರತಿ ನಿನ್ನೆ ಟಪಾಲಿನಲ್ಲಿ ಸಿಕ್ಕಿತು. ಊಟದ ಮೇಜಿನ ಮೇಲೆ ಹರಡಿಕೊಂಡು ನಾನು, ನಿನ್ನಣ್ಣ ಇಬ್ಬರೂ ನೋಡಿದೆವು. ಸಣ್ಣ ಪಾಯಿಖಾನೆ ಈಚೆ ಬದಿಯಲ್ಲಿ, ಗೋಡೆಯ ಪಕ್ಕ. ಬೇಲಿಯಲ್ಲಿ ಒಂದು ಕಡೆ ಸಂದು, ಅಲ್ಲಿ ದಾಟಲು ಪಟ್ಟೆ, ದೀಪ. ನೋಡಿ ಕಣ್ಣು ತುಂಬಿತು. ಕೆಲಸ ಶುರುವಾಗಿ ಪಾಯ ತೋಡುತ್ತಿದ್ದಾರೆ. ನಿನ್ನ ಜಾಗಕ್ಕೆ ಬಂದವನು ನಿನ್ನ ಹಾಳೆಯನ್ನೇ ಹಿಡಿದು ನಿಂತಿದ್ದಾನೆ, ಮೇಸ್ತ್ರಿ ಏನು ಕೇಳಿದರೂ "ನಕ್ಷೆಯಲ್ಲಿದ್ದಂಗೆ ಮಾಡಿ" ಅನ್ನುತ್ತಾನಂತೆ.

ಗಿಣಿ ಊರುಗೋಲು ಹಿಡಿದು ಓಡಾಡುತ್ತಿದ್ದಾಳೆ. ಟಿಕೆಟ್ ಕೊಡಲು ಆಗುವುದಿಲ್ಲ. ಕೊನೆಯ ಸ್ಟಾಪಿನಲ್ಲೇ ಬಸ್ಸು ಬಂದ ಹೊತ್ತು ಬರೆಯುವ ಕೆಲಸ ಕೊಡುತ್ತಾರಂತೆ, ದಿನವಿಡೀ ಅಲ್ಲೇ. "ಟೈಲ್ಸು ಮನೆ ನನಗೇ ಕಟ್ತಿದಾರೆ ಅಕ್ಕ" ಅಂತ ಮತ್ತೆ ಬಾಯಿ ಬಿಟ್ಟಿದ್ದಾಳೆ, ಸದ್ಯ.

ನನಗೆ ನಕ್ಷೆ ಓದಲು ಬರುವುದಿಲ್ಲ. ತಲೆಕೆಳಗಾಗಿ ಹಿಡಿದಿರಬಹುದು. ನಿನ್ನಣ್ಣ ಒಂದು ಕಡೆ ಅನ್ನುತ್ತಾರೆ, ನಾನು ಇನ್ನೊಂದು ಕಡೆ ಅನ್ನುತ್ತೇನೆ. ಆದರೆ ನಾನು ನೋಡಿದಂತೆ ಬಾಗಿಲಿನ ಗುರುತು ಗೋಡೆಯ ಕಡೆಗಿಲ್ಲ, ಬಸ್ಸು ತಿರುಗಿಸುವ 
ಜಾಗದ ಕಡೆಗಿದೆ. ಅಲ್ಲಿ ನಾವು ರಿವರ್ಸ್ ಬರುತ್ತೇವೆ. ಆ ಮೂಲೆ ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. ಬಾಗಿಲು ತೆಗೆದು ಹೊರಗೆ ಕಾಲಿಟ್ಟವರು ನೇರ ನನ್ನ ಹಿಂದಿನ ಟೈರಿಗೆ ಅಡ್ಡ ಬರುತ್ತಾರೆ, ಮತ್ತು ಊರುಗೋಲಿನ ಗಿಣಿಗೆ ಪಕ್ಕಕ್ಕೆ ಹಾರಲು ಆಗುವುದಿಲ್ಲ.

ಮೇಸ್ತ್ರಿ ಬುಧವಾರ ಗೋಡೆ ಏಳಿಸುತ್ತಾನಂತೆ. ನಿನ್ನ ಹತ್ತಿರ ಮೂಲ ಹಾಳೆ ಇರಬೇಕಲ್ಲ? ಬಾಗಿಲು ಯಾವ ಕಡೆಗೆ ಬಿಡಿಸಿದ್ದೀಯ, ಇನ್ನೊಂದು ಸಲ ನೋಡು.

ನಿನ್ನ ಅತ್ತಿಗೆ